ಗೋಡೆಯ ಮೇಲಿನ ದೊಡ್ಡಪ್ಪಯ್ಯ

ಆಗೆಲ್ಲ ನಮ್ಮ ಬೀಜಾಡಿಯ ಕಡೆ ಒಬ್ಬ ಮನುಷ್ಯನಿಗೆ ಇಡೀ ಜನ್ಮಕ್ಕೆ ಒಂದು ಫೋಟೋ ಸಿಕ್ಕಿದರೆ ಅದೇ ದೊಡ್ಡದು. ಅದೂ ಮದುವೆಯಾದರೆ. ಈಗ ನನ್ನ ಮಗಳು ತಿನ್ನುವ ನೀರುದೋಸೆಗೇ ನಾಲ್ಕು ಫೋಟೋ ತೆಗೆಯುತ್ತಾಳೆ. ನಮ್ಮ ಅಜ್ಜ ಒಂದೂ ಫೋಟೋ ಇಲ್ಲದೆ ಹುಟ್ಟಿ, ಗದ್ದೆ ಮಾಡಿ, ಸತ್ತೂ ಹೋಗಿದ್ದರು. ಅಂಥ ಊರಿನಲ್ಲಿ ನಮ್ಮ ಚಾವಡಿಯ ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಫೋಟೋ ಇತ್ತು. ನೆಂಟರು ಬಂದರೆ ಬೆಲ್ಲ-ನೀರು ಮುಟ್ಟುವ ಮೊದಲು ಅದನ್ನು ನೋಡುತ್ತಿದ್ದರು.

ಅದು ನನ್ನ ದೊಡ್ಡಪ್ಪಯ್ಯ, ಅಂದರೆ ಅಪ್ಪಯ್ಯನ ಅಣ್ಣ. ಹದಿನಾರನೇ ವಯಸ್ಸಿಗೆ ಅಜ್ಜನ ಹತ್ತಿರ ಜಗಳ ಮಾಡಿ ಬೊಂಬಾಯಿಗೆ ಹೋದವರು. ಆಗ ಅಪ್ಪಯ್ಯನಿಗೆ ಮೂರು ವರ್ಷ. ಇಂಗ್ಲಿಷ್ ಸಿನೆಮಾ ತೋರಿಸುವ ಟಾಕೀಸಿನಲ್ಲಿ ಕೆಲಸ ಅಂತ ಕಾಗದ ಬರುತ್ತಿತ್ತು. 'ಈ ಸಲ ಬತ್ತೆ' ಅಂತ ಹದಿನೆಂಟು ವರ್ಷ ಬರೆದರು, ಬರಲಿಲ್ಲ. ಕೊನೆಗೆ ಬೊಂಬಾಯಿಯಲ್ಲಿ ಹೋಟೆಲಿಗಿದ್ದ ತೆಕ್ಕಟ್ಟೆಯವರೊಬ್ಬರು ರಜೆಗೆ ಊರಿಗೆ ಬರುವಾಗ ಒಂದು ತಗಡಿನ ಪೆಟ್ಟಿಗೆ ತಂದುಕೊಟ್ಟರು. ಅವರು ದೊಡ್ಡಪ್ಪಯ್ಯನ ಮುಖ ಕಂಡವರಲ್ಲ, ಯಾರೋ ಕೊಟ್ಟದ್ದನ್ನು ಹೊತ್ತು ತಂದವರು. ಜೊತೆಗೆ ದೊಡ್ಡಪ್ಪಯ್ಯನ ರೂಮಿನವರು ಬರೆದ ಕಾಗದವೂ ಇತ್ತು. ಕಾಮಾಲೆಯಾಗಿ ತೀರಿಕೊಂಡರು, ಕ್ರಿಯೆಯನ್ನೆಲ್ಲ ನಾವೇ ಮಾಡಿದೆವು ಅಂತ. ಪೆಟ್ಟಿಗೆಯಲ್ಲಿ ಎರಡು ಅಂಗಿ, ಒಂದು ಬಾಚಣಿಗೆ, ಒಂದು ಟಾರ್ಚು, ಮತ್ತೆ ದಪ್ಪ ಕಾಗದದಲ್ಲಿ ಜೋಪಾನವಾಗಿ ಸುತ್ತಿಟ್ಟ ಆ ಫೋಟೋ. ನಾನು ಹುಟ್ಟುವುದಕ್ಕೆ ಎರಡು ವರ್ಷ ಮೊದಲಿನ ಮಾತು ಇದು.

ಎಂಥ ಫೋಟೋ ಅದು! ಕೋಟು, ಟೈ. ಒಂದು ಕೆನ್ನೆ ಬೆಳಕಿನಲ್ಲಿ, ಇನ್ನೊಂದು ನೆರಳಿನಲ್ಲಿ. ಎಣ್ಣೆ ಹಾಕಿ ಬಾಚಿದ ಕೂದಲಿನ ಅಂಚಿಗೆ ಹಿಂದಿನಿಂದ ಎಲ್ಲಿಂದಲೋ ಬೆಳಕು ಬಂದು ಕೂತಿತ್ತು. ಪೆನ್ಸಿಲಿನಲ್ಲಿ ಎಳೆದಷ್ಟು ತೆಳ್ಳಗಿನ ಮೀಸೆ. ನಕ್ಕಿಲ್ಲ, ಆದರೆ ಈಗ ನಗುತ್ತಾರೆ ಅಂತ ಕಾಯುವಂತೆ ಮಾಡುವ ತುಟಿ. ಕೆಳಗಿನ ಮೂಲೆಯಲ್ಲಿ ಓರೆಯಾಗಿ, ಯಾರಿಗೂ ಓದಲಾಗದ ಒಂದು ಇಂಗ್ಲಿಷ್ ಸಹಿ.

"ನಾಲ್ಕನೇ ಕ್ಲಾಸ್ ಕಲ್ತವ. ಸಹಿ ಹ್ಯಾಂಗ್ ಹಾಕಿದ ಕಾಣಿ!" ಅಂತ ಅಪ್ಪಯ್ಯ ಬಂದವರಿಗೆಲ್ಲ ತೋರಿಸುತ್ತಿದ್ದರು. ತಮ್ಮ ಮೀಸೆಯನ್ನೂ ಹಾಗೇ ಕತ್ತರಿಸಿಕೊಂಡಿದ್ದರು, ಅವರಿಗದು ಒಪ್ಪುತ್ತಿರಲಿಲ್ಲ.

ಆಚೆಮನೆಯ ಸೀತಕ್ಕ ದೊಡ್ಡಪ್ಪಯ್ಯನನ್ನು ಹುಡುಗನಾಗಿದ್ದಾಗ ಕಂಡಿದ್ದವರು. "ಕಪ್ಪ್ ಮಾಣಿ ಮರಾಯ್ತಿ, ಬೊಂಬಾಯಿ ನೀರ್ ಕುಡ್ದ್ ಹ್ಯಾಂಗ್ ಬೆಳಿ ಆಯ್ತ್! ಮೂಗ್ ಮಾತ್ರ ಈ ಮನಿದೇ. ಈ ಹೆಣ್ಣಿಂದೂ ಥೇಟ್ ಅದೇ ಮೂಗ್" ಅಂತ ನನ್ನ ಗಲ್ಲ ಹಿಡಿದು ತಿರುಗಿಸಿ ನೋಡುತ್ತಿದ್ದರು. ನಾನು ಆ ಮೂಗು ಹೊತ್ತುಕೊಂಡು ಶಾಲೆಯಲ್ಲಿ ಮೆರೆದದ್ದೇ ಮೆರೆದದ್ದು.

ವರ್ಷಕ್ಕೊಮ್ಮೆ ಎಡೆ ಹಾಕುವ ದಿನ ಆ ಫೋಟೋದ ಮುಂದೆ ಬಾಳೆಲೆ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಕೋಳಿ ಸುಕ್ಕ, ಉದ್ದಿನ ವಡೆ. ಕೊತ್ತಂಬರಿ ಹುರಿದ ಪರಿಮಳ ಚಾವಡಿ ತುಂಬ. ಬಾಗಿಲು ಹಾಕಿ ನಾವು ಹೊರಗೆ ನಿಂತು, ದೊಡ್ಡಪ್ಪಯ್ಯ ಉಂಡು ಮುಗಿಸಲಿ ಅಂತ ಎಂಜಲು ನುಂಗುತ್ತಾ ಕಾಯುತ್ತಿದ್ದೆವು.

ಈ ಫೋಟೋವನ್ನು ಸರಿಯಾಗಿ ನೋಡದೆ ಇದ್ದವರು ಮನೆಯಲ್ಲಿ ಒಬ್ಬರೇ, ನನ್ನ ಅಜ್ಜಿ. ಪೆಟ್ಟಿಗೆ ಬರುವ ಹೊತ್ತಿಗೇ ಅವರ ಎರಡೂ ಕಣ್ಣಿಗೆ ಪೊರೆ ಕಟ್ಟಿತ್ತು. ಬೆಳಕು, ಕತ್ತಲೆ, ಯಾರೋ ಎದುರು ಹಾದುಹೋದದ್ದು, ಇಷ್ಟು ತಿಳಿಯುತ್ತಿತ್ತು. ದಿನಾ ಬೆಳಿಗ್ಗೆ ಮಿಂದು ಬಂದು ಗಾಜಿನ ಮೇಲೆ ಬೆರಳಾಡಿಸಿ, ನನ್ನನ್ನು ಕರೆಯುತ್ತಿದ್ದರು.

"ಹೆಣೆ, ಬಾ ಇಲ್ಲಿ. ನಂಗ್ ಕಾಂತಿಲ್ಲೆ. ನೀ ಕಂಡ್ ಹೇಳ್."

ನಾನು ಹೇಳುತ್ತಿದ್ದೆ. ನೆರಳು ಎಲ್ಲಿಂದ ಶುರುವಾಗುತ್ತದೆ, ಹುಬ್ಬು ಎಷ್ಟು ಎತ್ತರ, ಕಣ್ಣು ಎತ್ತ ನೋಡುತ್ತಿದೆ. ದಿನಾ ಅದನ್ನೇ ಹೇಳಿದರೆ ಬೇಸರವಲ್ಲವೇ? ಹಾಗಾಗಿ ದಿನಾ ಹೊಸತೇನಾದರೂ ಹುಡುಕುತ್ತಿದ್ದೆ. ಒಂದು ಮುಖವನ್ನು ನೋಡುವುದು ಹೇಗೆ ಅಂತ ನಾನು ಕಲಿತದ್ದು ಅಲ್ಲಿಯೇ. ಅಜ್ಜಿ ಕೇಳುತ್ತಾ ಕೇಳುತ್ತಾ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ, ಚಳಿ ಶುರುವಾದ ಹೊತ್ತಿಗೆ, ಕುಂದಾಪುರದಲ್ಲಿ ಕಣ್ಣಿನ ಶಿಬಿರ ಆಯಿತು. ಅಪ್ಪಯ್ಯ ಅಜ್ಜಿಯನ್ನು ಒತ್ತಾಯ ಮಾಡಿ ಸೇರಿಸಿದರು. ಒಪ್ಪದ ಅಜ್ಜಿ ಒಪ್ಪಿದ್ದು ಒಂದೇ ಮಾತಿಗೆ: "ಅಮ್ಮಾ, ಅಣ್ಣನ ಮುಖ ಕಾಂಬುಕ್ ಆತ್."

ಅಜ್ಜಿ ಮನೆಗೆ ಬರಲು ಇನ್ನು ಮೂರು ದಿನ ಇರುವಾಗ ನನಗೆ ಸ್ಕಾಲರ್‌ಶಿಪ್ ಅರ್ಜಿಗೆ ಫೋಟೋ ಬೇಕಾಯಿತು. ಅಪ್ಪಯ್ಯ ನನ್ನನ್ನು ಕುಂದಾಪುರದ ಪದ್ದಣ್ಣನ ಸ್ಟುಡಿಯೋದಲ್ಲಿ ಬಿಟ್ಟು ಅಜ್ಜಿಗೆ ಗಂಜಿ ಕೊಡಲು ಹೋದರು. ಪದ್ದಣ್ಣ ಅಂದರೆ ಫೋಟೋದ ಹುಚ್ಚಿನವರು. ಕರೆಂಟು ಹೋಗಿತ್ತು. ಅದು ಬರುವವರೆಗೆ ಕೂತಿರು ಅಂತ ನನ್ನ ಮಡಿಲಿಗೆ ಒಂದು ದಪ್ಪ ಆಲ್ಬಮ್ ಹಾಕಿದರು. ಹಳೆಯ ಹಾಲಿವುಡ್ ನಟ-ನಟಿಯರ ಮುಖಗಳು. ಬೊಂಬಾಯಿಯ ಫುಟ್‌ಪಾತಿನಲ್ಲಿ ಒಂದೊಂದಾಗಿ ಕೊಂಡು ಅಂಟಿಸಿದ್ದಂತೆ.

"ಸುಮ್ನೆ ಪುಟ ಮಗುಚೂದಲ್ಲ, ಕಾಣ್ಕ್" ಅಂದರು ಪದ್ದಣ್ಣ. "ಈ ಹೆಂಗ್ಸಿನ ಮೂಗಿನ ಅಡಿಗೆ ಸಣ್ಣ ನೆರಳ್ ಕಾಂತಾ? ದೀಪ ಸಮಾ ಮೇಲ್ ಇಟ್ಟದ್. ಕಣ್ಣೊಳ್ಗೆ ಬೆಳಿ ಚುಕ್ಕಿ ಕಾಣ್. ಅದೊಂದ್ ಚುಕ್ಕಿ ಇಲ್ದಿರೆ ಕಣ್ಣ್ ಸತ್ತ ಮೀನಿಂದ್."

ನನಗೆ ಖುಷಿಯೋ ಖುಷಿ. ಬೇರೆ ಮಕ್ಕಳಿಗೆ ಕಾಣದ್ದು ನನಗೆ ಕಾಣುತ್ತಿತ್ತು. ತೋಳಿನ ಮೇಲೆ ಗಲ್ಲ ಊರಿದ ಒಬ್ಬಳ ಕೆನ್ನೆ ಬೆಣ್ಣೆಯ ಮುದ್ದೆಯಂತೆ ಇತ್ತು. ಸಿಗರೇಟಿನ ಹೊಗೆಯ ಹಿಂದೆ ಒಬ್ಬನ ಒಂದೇ ಕಣ್ಣು. "ಇದ್ಕೆ ಹಿಂದಿಂದ ಒಂದ್ ದೀಪ ಇತ್ತ್, ಅಲ್ದಾ?" ಅಂದೆ. ಪದ್ದಣ್ಣ ಬೆರಗಾಗಿ "ಯಾರ್ ಹೇಳ್ಕೊಟ್ಟದ್ ನಿಂಗೆ?" ಅಂದರು. ಹೆಮ್ಮೆಯಿಂದ ಪುಟ ಮಗುಚಿದೆ.

ಅಲ್ಲಿ ದೊಡ್ಡಪ್ಪಯ್ಯ ಇದ್ದರು.

ಅದೇ ಕೋಟು, ಅದೇ ನೆರಳು, ಅದೇ ಮೀಸೆ. ಮೂಲೆಯಲ್ಲಿ ಅದೇ ಸಹಿ. ಮೊದಲು ಬಾಯಿಗೆ ಬಂದದ್ದು ಸಂತೋಷವೇ. "ಪದ್ದಣ್ಣಾ, ಇವ್ರ್ ನಮ್ ದೊಡ್ಡಪ್ಪಯ್ಯ! ನಿಮ್ಮತ್ರ ಹ್ಯಾಂಗ್ ಬಂದ್ರ್?"

ಪದ್ದಣ್ಣ ಹೊಟ್ಟೆ ಹಿಡಿದು ನಕ್ಕರು. "ಹ್ವಾಯ್, ಇವ ಅಮೆರಿಕದ ಸಿನೆಮಾ ನಟ ಮರಾಯ್ತಿ. ನನ್ನಪ್ಪನ ಕಾಲದವ. ಇವ್ನ್ ಪಟ ಆಗ ಟಾಕೀಸ್‌ಗೆಲ್ಲ ಕಳ್ಸ್ತಿದ್ರ್, ಸಹಿ ಸಮೇತ. ಇವ ನಿನ್ ದೊಡ್ಡಪ್ಪಯ್ಯ ಆರೆ ನಾ ಇಂಗ್ಲೆಂಡಿನ ರಾಜ!"

ಆಮೇಲೆ ನನ್ನ ಮುಖ ನೋಡಿ ಅವರ ನಗು ನಿಂತಿತು. ಅಷ್ಟರಲ್ಲಿ ಕರೆಂಟು ಬಂತು. ಪದ್ದಣ್ಣ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಫೋಟೋ ಹೊಡೆದರು. ಆ ಫೋಟೋ ಈಗಲೂ ನನ್ನ ಹತ್ತಿರ ಇದೆ. ದೆವ್ವ ಕಂಡವಳ ಹಾಗೆ ಕಣ್ಣು ಬಿಟ್ಟಿದ್ದೇನೆ.

ಮೂರು ದಿನ ಆ ಸುದ್ದಿ ನನ್ನ ಬಾಯಲ್ಲಿ ಬಿಸಿ ತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹದಿಮೂರು ವರ್ಷ ನಾವು ಬಂಗುಡೆ ಸಾರು ಬಡಿಸಿದ್ದು ಅಮೆರಿಕದವನಿಗೆ! ಅದಕ್ಕಿಂತ ದೊಡ್ಡ ಹೆದರಿಕೆ ಅಜ್ಜಿಯದು. ಕಣ್ಣು ಬಂದ ಕೂಡಲೇ ಅವರು ಕೇಳುವುದು ಅದೇ ಫೋಟೋ. ಇವ ಮಗನಲ್ಲ ಅಂತ ಗೊತ್ತಾದರೆ, ಹೋದ ಮಗ ಇನ್ನೊಮ್ಮೆ ಹೋದ ಹಾಗೆ. ನಾನು ತೋಟದ ಅಬ್ಬಲಿಗೆಯನ್ನೆಲ್ಲ ಕೊಯ್ದು ಮೊಳಗಟ್ಟಲೆ ಮಾಲೆ ಕಟ್ಟಿ, ಹಣೆಯಿಂದ ಗಲ್ಲದವರೆಗೆ ಮುಚ್ಚುವ ಹಾಗೆ ಇಳಿಬಿಟ್ಟೆ.

"ಹೆಣ್ಣಿಗೆ ದೊಡ್ಡಪ್ಪಯ್ಯನ ಮೇಲೆ ಎಷ್ಟ್ ಪ್ರೀತಿ ಕಾಣಿ" ಅಂದರು ಸೀತಕ್ಕ.

ಅಜ್ಜಿ ಬಂದರು. ಮೂಗಿನ ಮೇಲೆ ಸೋಡಾ ಬಾಟಲಿಯ ತಳದಷ್ಟು ದಪ್ಪದ ಕನ್ನಡಕ. ಮೊದಲು ಅಮ್ಮನ ಮುಖ ನೋಡಿದರು, ಆಮೇಲೆ ನನ್ನದು. "ಇಷ್ಟ್ ಕಪ್ಪ್ ಅಂತ ಯಾರೂ ಹೇಳ್ಲಿಲ್ಲೆ" ಅಂತ ನಕ್ಕರು. ಆಮೇಲೆ ಚಾವಡಿಯ ನಡುವೆ ಕೂತು, "ಮಾಣಿಯನ್ನ್ ತಾ" ಅಂದರು. ಅಪ್ಪಯ್ಯ ನನ್ನ ಮಾಲೆಯನ್ನು ತೆಗೆದು ಬದಿಗಿಟ್ಟು, ಪಂಚೆಯ ತುದಿಯಲ್ಲಿ ಗಾಜು ಒರೆಸಿ, ಅಜ್ಜಿಯ ತೊಡೆಯ ಮೇಲಿಟ್ಟರು.

ಅಜ್ಜಿ ನೋಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡು ಮತ್ತೆ ನೋಡಿದರು.

"ಇವ ಯಾರ್?"

"ಎಂತ ಅಮ್ಮ, ಅಣ್ಣ ಅಲ್ದಾ?" ಅಂದರು ಅಪ್ಪಯ್ಯ.

"ಹೆತ್ತವ್ಳ್ ನಾನಾ, ನೀನಾ? ಇವ ನಮ್ ಮಾಣಿ ಅಲ್ಲ."

ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂದರೂ ಅಮ್ಮ ಕದಲಲಿಲ್ಲ. ಸೀತಕ್ಕ ಒಮ್ಮೆ ಫೋಟೋದ ಮೂಗು, ಒಮ್ಮೆ ನನ್ನ ಮೂಗು ನೋಡಿದರು. ಅಜ್ಜಿ ಈಗ ಅಳುತ್ತಾರೆ, ಈಗ ಅಳುತ್ತಾರೆ ಅಂತ ನಾನು ಗೋಡೆಗೆ ಅಂಟಿ ನಿಂತಿದ್ದೆ. ಅಜ್ಜಿ ಅಳಲಿಲ್ಲ. ಅವರ ಮುಖ ಅರಳತೊಡಗಿತು. ಅಂಥ ಬೆಳಕು ಪದ್ದಣ್ಣನ ಆಲ್ಬಮ್ಮಿನ ಯಾವ ಮುಖದಲ್ಲೂ ಇರಲಿಲ್ಲ.

"ಪಟ ಅವಂದಲ್ಲ ಅಂದ್ರೆ ಪೆಟ್ಟಿಗೆಯೂ ಅವಂದಲ್ಲ. ಸತ್ತವ ಯಾರೋ ಬೇರೆ, ಪಾಪ, ಯಾರ್ ಹೆತ್ತ ಮಗನೋ. ಅವ್ನ್ ಪೆಟ್ಟಿಗೆ ತಪ್ಪಿ ನಮ್ಮನಿಗ್ ಬಂತ್." ಅಪ್ಪಯ್ಯನ ಕೈಯನ್ನು ಗಟ್ಟಿಯಾಗಿ ಹಿಡಿದರು. "ನಮ್ ಮಾಣಿ ಸಾಯ್ಲಿಲ್ಲೆ, ಬದ್ಕಿತ್ತ್ ಮಗಾ!"

ಏನೇನೋ ಊಹಿಸಿ ಹೆದರಿದ್ದ ನನಗೆ ಇದೊಂದು ಹೊಳೆದಿರಲಿಲ್ಲ. ಪೆಟ್ಟಿಗೆ ತಪ್ಪಿರಲಿಲ್ಲ. ಟಾಕೀಸಿನಲ್ಲಿ ಟಾರ್ಚು ಹಿಡಿದು ಜನರನ್ನು ಕೂರಿಸುತ್ತಿದ್ದ ಒಬ್ಬ ಮನುಷ್ಯ, ಚಂದ ಕಂಡ ಒಂದು ಫೋಟೋವನ್ನು ಜೋಪಾನ ಮಾಡಿದ್ದ, ಅಷ್ಟೇ. ಅದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಬಾಯಿ ತೆರೆದರೆ ಅಜ್ಜಿಯ ಮಗನನ್ನು ನಾನೇ ಕೊಂದ ಹಾಗೆ. ತೆರೆಯಲಿಲ್ಲ.

ಮರುದಿನ ಅಪ್ಪಯ್ಯ ಬೊಂಬಾಯಿಗೆ ಹೊರಡಲು ಚೀಲ ತುಂಬುವುದನ್ನು ಕಂಡಾಗ ತಡೆಯಲಾಗಲಿಲ್ಲ. ಬಾವಿಕಟ್ಟೆಯ ಹಿಂದೆ ಕರೆದು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ನನ್ನನ್ನು ಕರೆದುಕೊಂಡು ಸೀದಾ ಪದ್ದಣ್ಣನ ಸ್ಟುಡಿಯೋಗೆ ಹೋದರು. ಆಲ್ಬಮ್ಮಿನ ಆ ಪುಟವನ್ನು ತುಂಬ ಹೊತ್ತು ನೋಡಿದರು. ತಮ್ಮದೇ ಮೀಸೆಯನ್ನು ಒಮ್ಮೆ ಮುಟ್ಟಿಕೊಂಡರು.

"ಹಂಗಾರೆ ನನ್ನಣ್ಣ ಹ್ಯಾಂಗಿದ್ದ?" ಅಂತ ಪದ್ದಣ್ಣನನ್ನು ಕೇಳಿದರು. ಪಾಪ, ಅವರಿಗೇನು ಗೊತ್ತು?

ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಮಾತು ಆಡಿದರು. "ಅಜ್ಜಿಗ್ ಹೇಳ್ಬೇಡ."

ಅಜ್ಜಿ ಆಮೇಲೆ ಐದು ವರ್ಷ ಬದುಕಿದರು. ಎಡೆ ಹಾಕುವುದು ನಿಂತಿತು. ಬದುಕಿದವನಿಗೆ ಎಂತ ಎಡೆ? ಫೋಟೋವನ್ನು ಎಸೆಯಬೇಡಿ ಅಂತ ನಾನು ಕೇಳಿಕೊಂಡೆ, ನನ್ನ ಪುಸ್ತಕದ ಕಪಾಟಿಗೆ ಬಂತು. ಬೊಂಬಾಯಿಯಿಂದ ಯಾರೇ ಊರಿಗೆ ಬಂದರೂ ಅಜ್ಜಿ ಕೋಲು ಹಿಡಿದು ಹೋಗಿ ವಿಚಾರಿಸುತ್ತಿದ್ದರು, ಇಲ್ಲ ಅಂದರೆ ಬೇಸರಿಸದೆ ಬರುತ್ತಿದ್ದರು. ನಾನು ಮಾಡಿದ್ದು ಪುಣ್ಯವೋ ಪಾಪವೋ ಇವತ್ತಿಗೂ ತಿಳಿದಿಲ್ಲ. ಅವರಷ್ಟು ಉಲ್ಲಾಸದ ಮುದುಕಿಯನ್ನಂತೂ ಮತ್ತೆ ಕಂಡಿಲ್ಲ.

ಕೊನೆಯ ಮಳೆಗಾಲದಲ್ಲಿ, ಚೆನ್ನೆಮಣೆ ಆಡುತ್ತಾ, ಒಮ್ಮೆ ನಾನೇ ಕೇಳಿದೆ. "ಅಜ್ಜಿ, ದೊಡ್ಡಪ್ಪಯ್ಯನ ಮುಖ ಹ್ಯಾಂಗಿತ್ತ್? ನೀವ್ ಹೇಳಿ, ನಾ ಕಾಂತೆ."

ಅಜ್ಜಿ ಕೈಯಲ್ಲಿದ್ದ ಕಾಯಿಗಳನ್ನು ಕೆಳಗಿಟ್ಟರು. "ಕಿವಿ ಹೊರಗ್ ಚಾಚಿತ್ತ್. ಮುಂದಿನ ಹಲ್ಲ್ ಒಂದ್ ತುಂಡ್. ಲಗೋರಿ ಆಡುವಾಗ ಕಲ್ಲ್ ತಾಗಿ ಹುಬ್ಬಿನ್ ಮೇಲೆ ಗಾಯ ಆಯಿತ್ತ್, ಅಲ್ಲಿ ಕೂದ್ಲೇ ಬರ್ಲಿಲ್ಲೆ. ನಗಾಡ್ರೆ ಕಣ್ಣ್ ಪೂರ್ತಿ ಮುಚ್ಚಿ ಹೋಪುದ್." ಇಷ್ಟು ಹೇಳಿ ಅವರೂ ಕಣ್ಣು ಮುಚ್ಚಿ ನಕ್ಕರು.

ಆ ಅಮೆರಿಕದ ನಟನ ಹೆಸರನ್ನು ಈಗ ಮೊಬೈಲಿನಲ್ಲಿ ಬರೆದರೆ ಸಾಕು, ನೂರಾರು ಫೋಟೋ ಬಂದು ಬೀಳುತ್ತವೆ. ಎಡದಿಂದ, ಬಲದಿಂದ, ಹ್ಯಾಟಿನಲ್ಲಿ, ಮಳೆಯಲ್ಲಿ. ನಾನು ಈಗಲೂ ಆಸೆಪಟ್ಟು ನೋಡುತ್ತೇನೆ, ಆ ಕಾಲದವರ ಹಾಗೆ ಮುಖದ ಮೇಲೆ ಬೆಳಕು ಇಡಲು ಬರುವವರು ಈಗಿಲ್ಲ. ಅಜ್ಜಿ ಹೋದರು, ಸೀತಕ್ಕ ಹೋದರು. ನನ್ನ ದೊಡ್ಡಪ್ಪಯ್ಯನ ಮುಖ ಕಂಡಿದ್ದ ಕಣ್ಣುಗಳು ಅವು ನಾಲ್ಕೇ ಉಳಿದಿದ್ದವು.

ಅಪ್ಪಯ್ಯನಿಗೀಗ ಎಪ್ಪತ್ತು ದಾಟಿದೆ. ನಾನು ಊರಿಗೆ ಹೋದಾಗಲೆಲ್ಲ ಒಮ್ಮೆ ಕೇಳುತ್ತಾರೆ, "ಅಮ್ಮ ಎಂತ ಹೇಳಿದ್ರ್ ಮಗಾ, ಅಣ್ಣನ ಮುಖ?" ನಾನು ಕಿವಿ ಹೇಳುತ್ತೇನೆ, ಹಲ್ಲು ಹೇಳುತ್ತೇನೆ, ನಗು ಹೇಳುತ್ತೇನೆ. ಕಳೆದ ಸಲ ಅವರು ನಡುವೆ ತಡೆದು ಕೇಳಿದರು, "ಗಾಯ ಯಾವ್ ಹುಬ್ಬಿಗೆ?"

ಅಜ್ಜಿ ತೋರಿಸಿದ್ದರೇ? ಹೇಳಿದ್ದರೇ? ನಾನು ಕೇಳಲೇ ಇಲ್ಲವೇ? ಎಷ್ಟು ತಡಕಾಡಿದರೂ ನೆನಪಿಗೆ ಬರಲಿಲ್ಲ.

"ಎಡ" ಅಂದೆ.

ಅಪ್ಪಯ್ಯ ತಲೆಯಾಡಿಸಿ ನಂಬಿದರು. ಅಲ್ಲ ಅನ್ನಲು ಈಗ ಯಾರೂ ಇಲ್ಲ.