ರಾಶಿಯ ಮೇಲಿನ ಕೊಂಬು

ಹರದನಹಳ್ಳಿಯ ಮರಿತಾಯಮ್ಮನಿಗೆ ಕೆಲಸ ಚಾಮರಾಜನಗರದ ವ್ಯಾಪಾರಿಯೊಬ್ಬರ ಅಂಗಳದಲ್ಲಿ, ಅರಿಶಿನದ ರಾಶಿಯ ಹಿಂದೆ. ದಪ್ಪ ಕೊಂಬುಗಳನ್ನು ಆರಿಸಿ ಮೇಲಕ್ಕೆ, ಮುರುಕನ್ನು ಅಡಿಗೆ ಸರಿಸುತ್ತಿದ್ದರು. ಅಂಗೈ, ಉಗುರು, ಸೆರಗಿನ ಅಂಚು ಎಲ್ಲವೂ ಹಳದಿ. ಪಕ್ಕದ ಗೋಣಿಯ ಮೇಲೆ ಕುಳಿತಿದ್ದ ಮೊಮ್ಮಗಳು ಕುಮಾರಿ, "ಅಜ್ಜಿ, ಅದು ಮುರ್ದೋಗದ, ಒಳಕ್ಕ ತಳ್ಳು" ಎಂದು ಯಜಮಾನಿಕೆ ಮಾಡುತ್ತಿದ್ದಳು.

ಕುಮಾರಿಗೆ ಎಂಟು ವರ್ಷ. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಕಾಲುಗಳು ಬಿಗಿದುಕೊಂಡಿದ್ದವು. ಬಾಯಿ ಮಾತ್ರ ಬಲು ಚುರುಕು. ತಾಯಿ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದುದರಿಂದ ಮಗು ಅಜ್ಜಿಯ ಸೊಂಟದ ಮೇಲೆಯೇ ಬೆಳೆದಿತ್ತು. ತಪ್ಪದೆ ವ್ಯಾಯಾಮ ಮಾಡಿಸಿದರೆ ಬಿಗಿತ ಸಡಿಲವಾಗುತ್ತದೆ, ಬಿಟ್ಟರೆ ಮೊಣಕಾಲು ಮಡಚಿದಂತೆಯೇ ನಿಂತುಬಿಡುತ್ತದೆ ಎಂದು ಚಿಕಿತ್ಸಾ ಕೇಂದ್ರದ ಪವಿತ್ರ ಎಚ್ಚರಿಸಿದ್ದಳು. ಇಂಥ ಮಕ್ಕಳಿಗೆಂದೇ ಸರ್ಕಾರದ ನಿರಾಮಯ ಎಂಬ ಆರೋಗ್ಯ ವಿಮೆ ಇದೆ, ವ್ಯಾಯಾಮದ ಖರ್ಚೂ ಅದರಲ್ಲಿ ಸಿಗುತ್ತದೆ, ಅದಕ್ಕೆ ಸೇರಿಸೋಣ, ಆದರೆ ಮೊದಲು ಡಾಕ್ಟರು ನೋಡಿ ಅಂಗವಿಕಲತೆಯ ಪ್ರಮಾಣಪತ್ರ ಕೊಡಬೇಕು ಎಂದೂ ಹೇಳಿದ್ದಳು.

ಡಾಕ್ಟರು ನೋಡುತ್ತಾರೆ ಎಂಬುದೊಂದೇ ಮಾತು ಮರಿತಾಯಮ್ಮನ ತಲೆಗೆ ಇಳಿಯಿತು. ನೋಡಲು ಬಂದವರ ಮುಂದೆ ಚೆನ್ನಾದದ್ದನ್ನು ಮೇಲಿಡುವುದು ಅವರ ಕೈಯಲ್ಲಿ ಕೂತ ಕಸುಬು. ಒಂದು ವಾರ ಮಗುವನ್ನು ಗೋಡೆಗೆ ಆನಿಸಿ ನಿಲ್ಲುವ ಅಭ್ಯಾಸ ಮಾಡಿಸಿದರು. ತಪಾಸಣೆಯ ದಿನ ತಲೆಗೆ ಎಣ್ಣೆ ಹಚ್ಚಿ, ಹೂ ಮುಡಿಸಿ, ಕಾಲು ಮುಚ್ಚುವ ಉದ್ದ ಲಂಗ ಉಡಿಸಿದರು. ಬಸ್ಸಿನಲ್ಲಿ ಬುದ್ಧಿಯನ್ನೂ ಹೇಳಿದರು: "ಹಲ್ಲು ಕಚ್ಕೊಂಡು ನಿಂತ್ಕೊ ಕಣಮ್ಮಿ. ಮನೆ ಮಾನ ಉಳ್ಸು."

ಆಸ್ಪತ್ರೆಯಲ್ಲಿ ಕುಮಾರಿ ಡಾಕ್ಟರ ಮೇಜಿನ ಅಂಚು ಹಿಡಿದು ನೆಟ್ಟಗೆ ನಿಂತಳು. "ನಮಸ್ಕಾರ ಸಾರ್" ಎಂದಳು.

"ಪರವಾಗಿಲ್ವೇ! ಮನೇಲೂ ಹೀಗೇ ನಿಲ್ತಾಳಾ?" ಎಂದರು ಡಾಕ್ಟರು.

"ಊ ಸಾರ್, ಓಡಾಡ್ತಾಳ!" ಎಂದುಬಿಟ್ಟರು ಮರಿತಾಯಮ್ಮ, ಹೆಮ್ಮೆಯಿಂದ.

ಡಾಕ್ಟರು ಪೆನ್ನು ಎತ್ತಿಕೊಂಡರು. ಬಾಗಿಲಲ್ಲಿದ್ದ ಪವಿತ್ರ ಹಣೆ ಚಚ್ಚಿಕೊಂಡಳು. "ಅಯ್ಯೋ ಅವ್ವ, ಏನ್ ಹೇಳ್ಬುಟ್ಟೆ? ಚೆನ್ನಾಗವಳ ಅಂತ ಬರುದ್ರ ವಿಮೆ ಎಲ್ಲಿಂದ ಬತ್ತದ? ಇವ್ರೇನು ಹೆಣ್ಣು ನೋಡಕ ಬಂದವ್ರಾ?"

ಸಾಲಿನಲ್ಲಿ ಊರಿನವರೂ ನಿಂತಿದ್ದರು. ಅವರೆದುರು ಮಗುವಿನ ಕುಂದನ್ನು ತೆರೆದು ತೋರಿಸುವುದೆಂದರೆ ಮರಿತಾಯಮ್ಮನಿಗೆ ಜೀವ ಹೋದಂತೆ. ಆಗ ಕುಮಾರಿ ಮೆಲ್ಲಗೆ, "ಅಜ್ಜಿ, ಸಾಕು ಕಣಜ್ಜಿ. ಕಾಲು ನಡುಗ್ತಾವ" ಎಂದಳು.

ಮರಿತಾಯಮ್ಮ ಬಗ್ಗಿ ಲಂಗವನ್ನು ಮೊಣಕಾಲಿನವರೆಗೆ ಎತ್ತಿದರು. ಕತ್ತರಿಯಂತೆ ಒಂದಕ್ಕೊಂದು ಸೇರಿಕೊಂಡ ಸಣ್ಣ ಕಾಲುಗಳು ಕಂಡವು. "ತಪ್ಪಾಯ್ತು ಸಾರ್. ಇವಳು ನಡಿಯಕಿಲ್ಲ. ಕಕ್ಕಸ್ಗೂ ನಾನೇ ಎತ್ಬೇಕು. ರಾಶಿ ಮೇಲ್ಗಡೇದ ತೋರ್ಸ್ಬುಟ್ಟೆ. ಅಡೀದು ಇದು" ಎಂದು ಮಗುವನ್ನು ಎದೆಗೆ ಅವಚಿಕೊಂಡರು. ಡಾಕ್ಟರು ಪೆನ್ನು ಕೆಳಗಿಟ್ಟು, ಮಗುವನ್ನು ಮಂಚದ ಮೇಲೆ ಮಲಗಿಸಿಕೊಂಡು, ನಿಧಾನವಾಗಿ ಕಾಲುಗಳನ್ನು ಮಡಿಸಿ ಬಿಡಿಸಿ ನೋಡಿದರು.

ಪ್ರಮಾಣಪತ್ರ ಸಿಕ್ಕಿತು, ವಿಮೆಯೂ ಬಂತು. ವರ್ಷಕ್ಕೊಮ್ಮೆ ಅದನ್ನು ನವೀಕರಿಸುವುದನ್ನು ಪವಿತ್ರ ಮರೆತರೂ ಮರಿತಾಯಮ್ಮ ಮರೆಯುವುದಿಲ್ಲ. ಕುಮಾರಿ ಈಗ ವಾಕರ್ ಹಿಡಿದು ಕೇಂದ್ರದ ಬಾಗಿಲಿಂದ ಬೆಂಚಿನವರೆಗೆ ಬರುತ್ತಾಳೆ, ದಾರಿಯಲ್ಲಿ ಅಡ್ಡ ಸಿಕ್ಕವರನ್ನು ಗದರಿಸುತ್ತ.

ಗುಂಡ್ಲುಪೇಟೆಯಲ್ಲಿ ತಪಾಸಣೆ ನಡೆಯುವ ದಿನಗಳಲ್ಲಿ ಪವಿತ್ರ ಈ ಅಜ್ಜಿಯನ್ನೂ ಕರೆದುಕೊಂಡು ಹೋಗುತ್ತಾಳೆ. ಮೊನ್ನೆ ಭೀಮನಬೀಡಿನ ತಾಯಿಯೊಬ್ಬಳು ಮಗನ ಕಾಲು ಕಾಣದಂತೆ ಹೊಸ ಪ್ಯಾಂಟು ತೊಡಿಸಿಕೊಂಡು ಬಂದಿದ್ದಳು. ಮರಿತಾಯಮ್ಮ ಪಕ್ಕದಲ್ಲಿ ಕುಳಿತು, ಹಳದಿ ಬೆರಳುಗಳಿಂದ ಪ್ಯಾಂಟಿನ ಅಂಚನ್ನು ಮೇಲಕ್ಕೆ ಮಡಿಸತೊಡಗಿದರು. "ಇರೋದ್ನ ಇದ್ದಂಗ ತೋರ್ಸು ಕಣವ್ವ" ಎಂದವರು, ಮಡಿಸಿ ಮುಗಿಸಿದ ಮೇಲೆ ಸೆರಗಿನಿಂದ ಹುಡುಗನ ಮುಖ ಒರೆಸಿ, ಕ್ರಾಪನ್ನೂ ಸರಿಮಾಡಿದರು.