ಹಂಪಕ್ಕನ ಎಡಗೈ ಯಾರದು

ಸಿರಿಗೇರಿಯ ಚಿನ್ನಪ್ಪನ ಬಗ್ಗೆ ಹೇಳಲೇಬೇಕು. ಹೆಂಡತಿ ತನ್ನ ಕೈಯನ್ನೇ ತನ್ನದಲ್ಲ ಅಂದಾಗ ಅವನು ಅವಳನ್ನು ಹುಚ್ಚಿ ಅನ್ನಲಿಲ್ಲ, ಬರೆ ಹಾಕಿಸಲಿಲ್ಲ. ಹೆದರಿದ. ಹೆದರಿಕೊಂಡೇ ಅವಳ ಜೊತೆಗಿದ್ದ.

ಎಪ್ಪತ್ತೆಂಟನೇ ಇಸವಿ. ಕಾಲುವೆ ಗದ್ದೆಗಳಲ್ಲಿ ಭತ್ತ ಕೊಯ್ಲಿಗೆ ಬಂದಿತ್ತು. ಗಂಡ ಹೆಂಡತಿ ಇಬ್ಬರೂ ಕೂಲಿಯವರು. ಒಂದು ಬೆಳಿಗ್ಗೆ ಒಲೆ ಮುಂದೆ ಕೂತಿದ್ದ ಹಂಪಕ್ಕ ಹಾಗೇ ಎಡಕ್ಕೆ ವಾಲಿದಳು. ಲಕ್ವ ಹೊಡೆದಿತ್ತು. ಸಿರುಗುಪ್ಪದ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ಮನೆಗೆ ಬಂದಳು. ಮಾತು ಸರಿಯಿತ್ತು. ಕಾಲು ಎಳೆದುಕೊಂಡು ನಡೆಯುತ್ತಿದ್ದಳು. ಎಡಗೈ ಮಾತ್ರ ಮಡಿಲಲ್ಲಿ ಬಿದ್ದಿರುತ್ತಿತ್ತು.

ಚಿನ್ನಪ್ಪ ಆ ಕೈ ತೊಳೆಯಲು ಹೋದ.

"ಅದನ್ನ್ಯಾಕ ತೊಳಿತೀ ಮಾವ? ಅದು ನಂದಲ್ಲ."

"ನಿಂದಲ್ದ ಮತ್ಯಾರದು, ಗೌಡ್ರದೇನು?" ಅವನು ನಕ್ಕ.

"ಅಕ್ಕಂದು. ನೋಡು, ಹೆಸರೇ ಐತಲ್ಲ."

ಅವನ ನಗು ನಿಂತಿತು. ಹಂಪಕ್ಕನ ತವರಲ್ಲಿ ಒಂದು ಪದ್ಧತಿ. ಅಕ್ಕತಂಗಿಯರು ಮದುವೆಗೆ ಮುಂಚೆ ಒಬ್ಬರ ಹೆಸರನ್ನು ಇನ್ನೊಬ್ಬರು ಎಡಗೈಗೆ ಹಚ್ಚೆ ಹಾಕಿಸಿಕೊಳ್ಳುತ್ತಾರೆ. ಅವಳ ಕೈ ಮೇಲೆ ಇದ್ದದ್ದು ಅಕ್ಕ ಸುಂಕಲಮ್ಮನ ಹೆಸರು. ಸುಂಕಲಮ್ಮ ತೀರಿಕೊಂಡು ವರ್ಷಗಳಾಗಿದ್ದವು.

"ನೀನ ಹಾಕಿಸ್ಕೊಂಡಿದ್ದಲ್ಲ ಲೇ, ಮರತ್ಯೇನು?"

"ಗೊತ್ತೈತಿ. ಆ ಕೈ ಬ್ಯಾರೆ. ಇದು ಅಕ್ಕಂದು. ಪಾಪ, ಕೈ ಇಲ್ಲದ ಆಕಿ ರೊಟ್ಟಿ ಹೆಂಗ ಬಡೀತಾಳ? ಕುಡುಗೋಲು ಕೊಡು ಮಾವ. ಬಿಡಿಸಿ ಆಕಿ ಮಣ್ಣಾಗ ಇಟ್ಟು ಬರ್ತೀನಿ."

ಚಿನ್ನಪ್ಪ ಅವತ್ತೇ ಕುಡುಗೋಲನ್ನು ಸೂರಿನಲ್ಲಿ ಸಿಕ್ಕಿಸಿದ. ಪಕ್ಕದ ಮನೆ ಸಾವಂತ್ರಮ್ಮ ಬಂದು ನೋಡಿ ಕೆನ್ನೆ ಬಡಿದುಕೊಂಡಳು.

"ಸತ್ತಾಕಿ ಹೊಕ್ಕಾಳೋ ಚಿನ್ನಪ್ಪ. ಬರಿ ಎಳಸು, ಓಡ್ತಾಳ."

"ಮೊದ್ಲು ನಿನ್ನ ನಾಲಿಗಿಗೆ ಎಳಸ್ತೀನಿ, ಸುಮ್ನಿರವ್ವ!"

ಬಾಯಲ್ಲಿ ಹಾಗಂದ. ಗದ್ದೆಗೆ ಹೋದರೆ ಜೀವವೆಲ್ಲ ಮನೆಯಲ್ಲೇ. ಇವತ್ತು ಕೈ ನಂದಲ್ಲ ಅಂದವಳು ನಾಳೆ ನೀನ್ಯಾರು ಅಂದರೆ? ಬುತ್ತಿ ಬಿಚ್ಚದೆ ಹಾಗೇ ಮನೆಗೆ ತರುತ್ತಿದ್ದ.

ಅವಳನ್ನು ಬಸ್ಸು ಹತ್ತಿಸಿ ಬಳ್ಳಾರಿಯ ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಸೂಜಿ ಚುಚ್ಚಿ, ಕಣ್ಣು ಮುಚ್ಚಿಸಿ, ಬಹಳ ಹೊತ್ತು ನೋಡಿದರು. ಆಮೇಲೆ ಚಿನ್ನಪ್ಪನನ್ನು ಹೊರಗೆ ಕರೆದರು.

"ದೆವ್ವ ಅಲ್ಲಪ್ಪ. ಇದು ನನ್ನ ಕೈ, ನನ್ನ ಕಾಲು ಅಂತ ಮೆದುಳು ಒಳಗ ಹೇಳ್ತಾನೇ ಇರ್ತೈತಿ. ನಮಗ ಕೇಳಿಸಂಗಿಲ್ಲ. ಅಲ್ಲಿ ರಕ್ತ ನಿಂತು, ಈಕಿಗೆ ಆ ಹೇಳೋದು ನಿಂತೈತಿ."

"ನನಗೂ ಹೇಳ್ತೈತೇನ್ ಸಾರ್?"

"ನಿನಗೂ, ನನಗೂ. 'ನಾನು' ಅನ್ನೋದನ್ನೂ ಅದೇ ಕಟ್ತೈತಿ."

"ಅಂದ್ರ ಒಳಗ ನಾನು ಅಂತ ಯಾರೂ ಇಲ್ಲೇನ್ರಿ?"

"ಹುಡುಕಿದೋರಿಗೆ ಇನ್ನೂ ಸಿಕ್ಕಿಲ್ಲ," ಅಂದರು ಡಾಕ್ಟರು. "ಸ್ವಲ್ಪ ಸ್ವಲ್ಪ ಸುಧಾರಿಸಬಹುದು. ಅಲ್ಲೀತನ ಕುಡುಗೋಲು ಕಣ್ಣಿಗೆ ಬೀಳಬಾರದು."

ಒಂದು ಭಯ ಹೊತ್ತು ಬಂದಿದ್ದ, ಎರಡು ಹೊತ್ತು ಹೊರಟ; ತನ್ನೊಳಗೂ ಯಾರೂ ಇಲ್ಲವೇನೋ ಅನ್ನೋದು ಎರಡನೆಯದು. ದಾರಿಯಲ್ಲಿ ಕುರುಗೋಡಿನಲ್ಲಿ ಇಳಿದ. ಅವನ ಅಣ್ಣ ಮಾರೆಣ್ಣ ಅಲ್ಲಿದ್ದ. ಬುದ್ಧನ ದೀಕ್ಷೆ ತೆಗೆದುಕೊಂಡವನು. ಹಂಪಕ್ಕ ಒಳಗೆ ಮಲಗಿದಳು. ಅಣ್ಣತಮ್ಮ ಕಟ್ಟೆ ಮೇಲೆ ಕೂತರು. ಮಾರೆಣ್ಣ ಎಲ್ಲ ಕೇಳಿದ.

"ಬುದ್ಧನೂ ಅದನ್ನ ಹೇಳ್ಯಾನ. ಒಳಗ ಯಜಮಾನ ಅಂತ ಒಬ್ಬ ಇಲ್ಲ."

"ನೀನೂ ಶುರು ಮಾಡಿದೇನಣ್ಣಾ!"

"ಕೇಳಲೇ. ಬೆಳಿಗ್ಗಿ ಹೆಣ್ಮಕ್ಳು ಕೂಡಿದ್ರ ನಾಟಿ ಗುಂಪು. ಸಂಜಿಕ ಮನಿಗೆ ಹೋದ್ರ ಆ ಗುಂಪು ಯಾರ ಮನ್ಯಾಗ ಮಲಗ್ತೈತಿ?"

"ಯಾರ ಮನ್ಯಾಗೂ ಇಲ್ಲ."

"ಆದ್ರೂ ನಾಟಿ ಆತಲ್ಲ. ನಾವೂ ಅಂಗೇ. ಮೈ, ನೋವು, ನೆನಪು ಎಲ್ಲಾ ಕೂಡಿದ್ದಕ್ಕ ನಾನು ಅಂತೀವಿ. ನಂದು ನಂದು ಅಂತ ಹಿಡ್ಕೊಂಡ್ರ ದುಃಖ."

ಚಿನ್ನಪ್ಪನಿಗೆ ಸಿಟ್ಟು ಬಂತು. "ಈಕಿ ನಂದಲ್ಲ ಅಂತಾಳ. ದುಃಖ ಹೋತೇನು? ಕೊಯ್ಯಾಕ ನಿಂತಾಳ!"

ಮಾರೆಣ್ಣ ಸೇದುತ್ತಿದ್ದ ಬೀಡಿಯನ್ನು ಕಟ್ಟೆಗೆ ಒತ್ತಿ ಆರಿಸಿದ. ಆಮೇಲೆ ಅಂದ: "ನಂದಲ್ಲ ಅಂದ್ರ ಬಿಸಾಕು ಅಂತಲ್ಲಲೇ. ನಂದಲ್ಲದ್ದನ್ನೂ ಜ್ವಾಕಿ ಮಾಡ್ಬೇಕು."

ಊರಿಗೆ ಬಂದ ಮೇಲೆ ಒಂದು ಮಧ್ಯಾಹ್ನ ಚಿನ್ನಪ್ಪ ಬೇಗ ಮನೆಗೆ ಬಂದ. ಹಂಪಕ್ಕ ಹೊಸ್ತಿಲಲ್ಲಿ ಕೂತಿದ್ದಳು. ಸಾವಂತ್ರಮ್ಮ ಮರೆತು ಬಿಟ್ಟುಹೋದ ಕುಡುಗೋಲು ಅವಳ ಬಲಗೈಯಲ್ಲಿತ್ತು. ಎಡಗೈ ಹೊಸ್ತಿಲ ಮೇಲಿತ್ತು. ಕಸಿದುಕೊಳ್ಳಲು ಹೋದರೆ ಏನಾಗುತ್ತದೋ. ಮೆಲ್ಲಗೆ ಎದುರಿಗೆ ಕುಕ್ಕರುಗಾಲಲ್ಲಿ ಕೂತ. ಅದು ನಿನ್ನದೇ ಅಂತ ಅವನು ಅವತ್ತು ಹೇಳಲಿಲ್ಲ.

"ಅಕ್ಕಂದ ಬಿಡು ಅದು. ಕೊಯ್ದ್ರ ಅಕ್ಕಗ ನೋಯಂಗಿಲ್ಲೇನು?"

ಹಂಪಕ್ಕ ಅವನನ್ನೇ ನೋಡಿದಳು.

"ಕೈ ವಾಪಸ್ ಕೇಳಾಕ ಆಕಿ ಬಂದಿಲ್ಲಲ್ಲ. ನಿನ್ನ ಕಡಿ ಬಿಟ್ಟು ಹೋಗ್ಯಾಳ. ಜ್ವಾಕಿ ಮಾಡು, ಹಂಪಿ."

ಅವಳು ಬಗ್ಗಿ ಕೈ ಮೇಲಿನ ಹೆಸರನ್ನು ನೋಡಿದಳು. ಆಮೇಲೆ ಕುಡುಗೋಲು ಕೆಳಗಿಟ್ಟಳು. "ಹೌದು ಮಾವ, ನೋಯ್ತೈತಿ," ಅಂದಳು. ಚಿನ್ನಪ್ಪ ಅಲ್ಲೇ ಅತ್ತುಬಿಟ್ಟ.

ಇದಾಗಿ ಕೆಲವು ವರ್ಷ ಕಳೆದಿವೆ. ಹಂಪಕ್ಕ ಈಗಲೂ ಅದು ಅಕ್ಕನ ಕೈಯೇ ಅನ್ನುತ್ತಾಳೆ. ಎಣ್ಣೆ ಹಚ್ಚುತ್ತಾಳೆ, ಚಳಿಗೆ ಸೆರಗು ಹೊದಿಸುತ್ತಾಳೆ. ಚಿನ್ನಪ್ಪನ ಹೆದರಿಕೆ ಪೂರಾ ಹೋಗಿಲ್ಲ. ಬೆಳಿಗ್ಗೆ ಅವಳು ಕಣ್ಣು ಬಿಟ್ಟು "ಮಾವ" ಅನ್ನುವ ತನಕ ಅವನು ಉಸಿರು ಹಿಡಿದಿರುತ್ತಾನೆ.

ನೀವು ಒಮ್ಮೆ ಸಿರಿಗೇರಿಗೆ ಹೋಗಿ ಅವರನ್ನು ಮಾತಾಡಿಸಿ ಬನ್ನಿ. ಕೈ ಯಾರದು ಅಂತ ವಾದಕ್ಕೆ ಇಳಿಯಬೇಡಿ. ಅಕ್ಕ ಹೇಗಿದ್ದಾಳೆ ಅಂತ ಕೇಳಿ. ಹಂಪಕ್ಕ ನಗುತ್ತಾಳೆ. ಅವಳು ನಕ್ಕಿದ್ದು ನೋಡಿದರೆ ಚಿನ್ನಪ್ಪ ಅವತ್ತು ಎರಡು ರೊಟ್ಟಿ ಹೆಚ್ಚು ತಿನ್ನುತ್ತಾನೆ.