ಹೆಂಡತಿಯ ರುಜು ಇಲ್ಲದ ಮನೆ

ಮಾರ್ಗಿಲಾನ್ ಪಟ್ಟಣದ ನೋಟರಿ ಕಚೇರಿಯ ಎದುರು, ಹಿಪ್ಪುನೇರಳೆ ಮರದ ಕೆಳಗೆ ಕೂತು, ಮುಕದ್ದಸ್ ಹನ್ನೊಂದು ವರ್ಷದಿಂದ ಜನರಿಗೆ ಅರ್ಜಿ ಬರೆದುಕೊಡುತ್ತಿದ್ದಾಳೆ. ಅಕ್ಷರ ಮುತ್ತಿನಂಥದ್ದು, ಮನಸ್ಸು ಮಾತ್ರ ಒಂಟೆಯದು, ತಿಂದ ಏಟನ್ನು ಮರೆಯುವುದಿಲ್ಲ. ನಮ್ಮಂಥವರು ನಿನ್ನೆ ಬೈದವರ ಮನೆಯಲ್ಲೇ ಇವತ್ತು ಪಲಾವ್ ಉಂಡು, ಇನ್ನೊಂದು ತಟ್ಟೆ ಕೇಳಿ ಬರುತ್ತೇವೆ. ಅವಳು ಆ ಜಾತಿಯಲ್ಲ.

ಏಟು ಕೊಟ್ಟವನು ಮನೆ ವ್ಯಾಪಾರಿ ಹೋಶಿಮ್. ಕಾಗದಪತ್ರದಲ್ಲಿ ತೊಡಕಿರುವ ಮನೆಗಳನ್ನು ಅಗ್ಗಕ್ಕೆ ಕೊಂಡು, ತೊಡಕು ಬಿಡಿಸಿ ಮಾರುವುದು ಅವನ ಕಸುಬು. ಮುಕದ್ದಸಳ ತಾಯಿ ತೀರಿಕೊಂಡ ನಲವತ್ತನೇ ದಿನವೇ ಬಂದು ಕೂತಿದ್ದ.

"ಅಕ್ಕಾ, ಅಂಗಳದ ಅಡುಗೆಮನೆ ನಕ್ಷೇಲೇ ಇಲ್ಲ. ಸರ್ಕಾರದವ್ರು ಬಂದ್ರೆ ಇಡೀ ಮನೇನೇ ಕೆಡವ್ತಾರೆ. ಪಾಪ ಅಂತ ನಾನು ತಗೋತೀನಿ."

ಹೆದರಿ ಅರ್ಧ ಬೆಲೆಗೆ ಕೊಟ್ಟಳು. ಮನೆ ಅವನ ಕೈಗೆ ಹೋದಮೇಲೆ ಅದೇ ಅಡುಗೆಮನೆ ಒಂದು ಅರ್ಜಿ, ಒಂದು ದಂಡದಲ್ಲಿ ಸಕ್ರಮವಾಯಿತು. ಅಂಥ ಅರ್ಜಿ ಹೇಗಿರುತ್ತದೆಂದು ನೋಡಲಿಕ್ಕೇ ಅವಳು ನೋಟರಿ ಕಚೇರಿಗೆ ಬಂದದ್ದು. ಬಂದವಳು ಅಲ್ಲೇ ಸ್ಟೂಲು ಹಾಕಿದಳು.

ಹೋಶಿಮನಿಗೆ ಅವಳ ಮುಖವೇ ನೆನಪಿರಲಿಲ್ಲ. ಅವಳಿಗೆ ಅದು ಇನ್ನಷ್ಟು ಉರಿ.

ಕಳೆದ ವಸಂತದಲ್ಲಿ ಅವನು ಅವಳ ಮೇಜಿಗೇ ಬಂದ. ಜೊತೆಗೆ ರೇಷ್ಮೆಗೆ ಬಣ್ಣ ಹಾಕುವ ತೋಲಿಬ್. ತೋಲಿಬ್ ಮನೆ ಮಾರಿ ರಷ್ಯಾಕ್ಕೆ ಹೊರಟಿದ್ದ. ಹಣ ಮುಟ್ಟಿದ್ದಕ್ಕೆ ರಸೀದಿ ಬೇಕು, ಮಾರಾಟಪತ್ರ ಆಮೇಲೆ.

"ಹೆಂಡ್ತಿ ಒಪ್ಪಿಗೆ?" ಎಂದಳು ಮುಕದ್ದಸ್.

"ಯಾವ ಹೆಂಡ್ತಿ?" ಹೋಶಿಮ್ ನಕ್ಕ. "ಮೂರು ಸಲ ತಲಾಕ್ ಅಂದಾಯ್ತು. ಮುಲ್ಲಾ ಪಕ್ಕದಲ್ಲಿ ನಾನೇ ಕೂತಿದ್ದೆ."

"ಸರ್ಕಾರಿ ಪುಸ್ತಕದಲ್ಲಿ?"

"ದೇವ್ರ ಮುಂದೆ ಮುಗಿದಿದ್ದನ್ನ ಗುಮಾಸ್ತನ ಮುಂದೆ ಇನ್ನೊಂದ್ಸಲ ಮುಗಿಸ್ಬೇಕಾ? ಬರೀರಿ ಅಕ್ಕಾ, ಕೇಳ್ಬೇಡಿ."

ನಮ್ಮ ಓಣಿಗಳಲ್ಲಿ ಎಲ್ಲರೂ ಮಾಡುವ ತಪ್ಪು. ಮುಲ್ಲಾ ಬಿಚ್ಚಿದ ಗಂಟು ಸರ್ಕಾರದ ಪುಸ್ತಕದಲ್ಲಿ ಬಿಗಿಯಾಗಿಯೇ ಇರುತ್ತದೆ. ತಮ್ಮನ ಹೆಂಡತಿ ಹಾಕಿದ್ದನ್ನು ತಿಂದುಕೊಂಡು ತವರಲ್ಲಿ ಬಿದ್ದಿದ್ದ ಸಾವೋದತ್, ಕಾಗದದಲ್ಲಿ ಇನ್ನೂ ತೋಲಿಬನ ಹೆಂಡತಿ. ಮದುವೆಯಾದ ಮೇಲೆ ಕಟ್ಟಿದ ಆ ಮನೆಯಲ್ಲಿ ಅರ್ಧದ ಒಡತಿ.

ಕೇಳಬೇಡಿ ಎಂದಮೇಲೆ ಮುಕದ್ದಸ್ ಯಾಕೆ ಕೇಳಿಯಾಳು? ಚೆಂದವಾಗಿ ಬರೆದುಕೊಟ್ಟಳು.

ಅವಸರವನ್ನೂ ಪಡಲಿಲ್ಲ. ಮಾರಾಟಪತ್ರಕ್ಕೆಂದು ಹೋಶಿಮನ ಹೆಸರಿಗೇ ಅಧಿಕಾರಪತ್ರ ಕೊಟ್ಟು ತೋಲಿಬ್ ರೈಲು ಹತ್ತಿದ. ಹೋಶಿಮ್ ಗೋಡೆ ಒಡೆಸಿದ, ಹೊಸ ಸೂರು ಹಾಕಿಸಿದ. ಸುತ್ತುದಾರಿಯಾದರೂ ಅವಳು ದಿನಾ ಆ ಬೀದಿಯಲ್ಲೇ ನಡೆದಳು. ಸೂರು ಏರಿದಷ್ಟೂ ಅವಳಿಗೆ ಊಟ ರುಚಿಸಿತು. ಕೆತ್ತನೆಯ ಬಾಗಿಲು ಕೂತ ದಿನ ಸಾವೋದತಳನ್ನು ಹುಡುಕಿಕೊಂಡು ಹೋದಳು.

"ಅಯ್ಯೋ ಅಕ್ಕಾ, ತಲಾಕಾದೋಳಿಗೆ ಎಲ್ಲಿಯ ಮನೆ? ಎಲ್ರೂ ಹಾಗೇ ಅಂತಾರೆ."

"ಎಲ್ರೂ ಬಂದು ರುಜು ಹಾಕ್ತಾರೇನೇ? ರುಜು ನಿಂದು."

ಎರಡು ವಾರ ಕಳೆದು ಹೋಶಿಮ್ ನೋಟರಿ ಕಚೇರಿಯಿಂದ ಬೆವರೊರೆಸಿಕೊಳ್ಳುತ್ತ ಹೊರಬಂದ.

"ಹಾಳಾಯ್ತು ಅಕ್ಕಾ! ಆ ಹೆಂಗಸು ತಕರಾರು ಹಾಕವ್ಳೆ. ತೋಲಿಬ್ ಫೋನ್ ಎತ್ತಲ್ಲ. ಅವಳ ಹತ್ರ ಮಾತಾಡೋಣ ಅಂದ್ರೆ ಯಾರಿಗೋ ಅಧಿಕಾರಪತ್ರ ಬರ್ಕೊಟ್ಟವ್ಳಂತೆ. ಯಾರು ಆ ಮಹಾನುಭಾವ?"

"ಕೂತ್ಕೊಳ್ಳಿ ಹೋಶಿಮ್‌ಜಾನ್. ನಾನೇ."

ಅವನು ಕೂತ. "ನಾನು ನಿಮಗೇನು ಮಾಡಿದ್ದೆ?"

"ಅಂಗಳದಲ್ಲಿ ಅಡುಗೆಮನೆ. ತಾಯಿ ಹೋಗಿ ನಲವತ್ತು ದಿನ."

ಹೋಶಿಮ್ ಪ್ರಾಮಾಣಿಕವಾಗಿಯೇ ಯೋಚಿಸಿದ. "ಯಾವ ಅಡುಗೆಮನೆ ಅಕ್ಕಾ? ಅಂಥವು ಹತ್ತಿಪ್ಪತ್ತು ತಗೊಂಡಿದ್ದೀನಿ."

ಇಷ್ಟು ವರ್ಷ ಮಸೆದಿಟ್ಟ ಕತ್ತಿ, ಕುತ್ತಿಗೆ ಒಡ್ಡಿದವನಿಗೆ ಯಾತಕ್ಕೆಂದೇ ಗೊತ್ತಿಲ್ಲ! ಮುಕದ್ದಸ್ ಷರತ್ತುಗಳನ್ನು ಒಂದೊಂದಾಗಿ ಹೇಳಿದಳು.

"ಕೆತ್ತನೆ ಬಾಗಿಲಿನ ಕಡೆ ಅರ್ಧ ಮನೆ ಸಾವೋದತ್ ಹೆಸರಿಗೆ. ನಡುವೆ ಗೋಡೆ ನಿಮ್ಮ ಖರ್ಚಲ್ಲಿ. ಆಮೇಲೆ ಉಳಿದರ್ಧಕ್ಕೆ ಅವಳು ರುಜು ಹಾಕ್ತಾಳೆ. ಇಲ್ಲಾಂದ್ರೆ ಕೋರ್ಟು."

ಅವನು ಬೈದ, ಬೇಡಿದ, ಮಕ್ಕಳ ಮೇಲೆ ಆಣೆಯಿಟ್ಟ. ಕೊನೆಗೆ ಒಪ್ಪಿದ.

"ಇನ್ನೊಂದು," ಎಂದು ಅವಳು ಬಿಳಿ ಹಾಳೆ ಮುಂದಿಟ್ಟಳು. "ಸುಳ್ಳು ಹೇಳಿ ಮನೆ ತಗೊಂಡೆ ಅಂತ ನಿಮ್ಮ ಕೈಯಾರೆ ಬರೀರಿ."

"ಯಾರ ಮನೆ ಅಂತ ಬರೀಲಿ?"

"ನನ್ನ ತಾಯೀದು. ಮೆಹ್ರಿನಿಸೋ, ಖಾಲ್ಮುರೋದನ ಮಗಳು."

ಹೋಶಿಮ್ ಶಾಲೆಯ ಮಗುವಿನ ಹಾಗೆ ಬಗ್ಗಿ ಬರೆದ. ಅವಳು ಓದಿದಳು, ಮಡಿಚಿದಳು. ಆಮೇಲೆ ಅವನ ಬಟ್ಟಲಿಗೆ ಚಹಾ ಬಗ್ಗಿಸಿದಳು, ಅಂಚು ಮುಟ್ಟುವಷ್ಟು. ಇನ್ನೂ ಕೂತಿರಲಿ ಎನಿಸುವ ಅತಿಥಿಗೆ ನಮ್ಮಲ್ಲಿ ಯಾರೂ ಬಟ್ಟಲು ತುಂಬಿಸುವುದಿಲ್ಲ; ತುಂಬಿಸಿದರೆ ಕುಡಿದು ಹೊರಡು ಎಂದರ್ಥ. ಹೋಶಿಮ್ ಒಂದೇ ಗುಟುಕಿಗೆ ಕುಡಿದು, ನಾಲಿಗೆ ಸುಟ್ಟುಕೊಂಡು, ಎದ್ದು ಹೋದ.